ಟಿವಿ ಆರಿದ ಮೇಲೂ ಓಡುವ ಮೀಟರ್



ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕರೆಂಟ್ ಬಿಲ್ ಓದುವ ಅಭ್ಯಾಸವೇ ತಪ್ಪಿದೆ. ಮೀಟರ್ ರೀಡರ್ ಚೀಟಿ ಹರಿದು ಕೊಡುತ್ತಾರೆ. ಕೆಳಗೆ ಸೊನ್ನೆ ಇದ್ದರೆ ಅದನ್ನು ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿ ಕೊಟ್ಟಿಗೆ ಕಡೆ ಹೊರಡುತ್ತೇವೆ. ಯಾವುದೋ ತಿಂಗಳು ಸೊನ್ನೆಯ ಜಾಗದಲ್ಲಿ ಎಂಬತ್ತೋ ನೂರೋ ಕಂಡಾಗ ಮನೆಯಲ್ಲಿ ಮಾತು ಶುರುವಾಗುತ್ತದೆ. ಆ ಮಾತು ಬಹಳ ಸಲ ಹೆಂಗಸರ ಮೇಲೇ ಬಂದು ನಿಲ್ಲುತ್ತದೆ: "ಸಂಜೆಯೆಲ್ಲ ಧಾರಾವಾಹಿ ಹಾಕ್ಕೊಂಡು ಕೂತ್ರೆ ಬಿಲ್ ಬರದೆ ಇನ್ನೇನು?"

ಇದು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡುವುದೇ ಈ ಸಂಚಿಕೆಯ ಪಾಠ. ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡದೆ ಯಾರೂ ಹಾಲಿಗೆ ದರ ಕಟ್ಟುವುದಿಲ್ಲ. ಟಿವಿಯ ಮೇಲೆ ದೂರು ಹೊರಿಸುವ ಮೊದಲು ಅದನ್ನೂ ಅಳೆಯೋಣ.

ಮೊದಲು ಗೃಹಜ್ಯೋತಿಯ ಲೆಕ್ಕ

"200 ಯೂನಿಟ್‌ವರೆಗೆ ಫ್ರೀ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿ ಮನೆಗೂ 200 ಯೂನಿಟ್ ಕೊಟ್ಟಿಲ್ಲ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಒಂದೊಂದು ಮನೆಗೂ ಒಂದೊಂದು ಮಿತಿ ಇದೆ. 2022-23ನೇ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಆ ಮಿತಿ ಮಾಡಿದ್ದಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಹಳೆಯ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ 53 ಯೂನಿಟ್ ಸರಾಸರಿ ಎಂದು ಹಿಡಿದು, ಶೇ 10 ಸೇರಿಸಿ 58 ಯೂನಿಟ್ ನಿಗದಿ ಮಾಡಿದರು. ತುಮಕೂರು ನಗರದಲ್ಲಿ ಮಕ್ಕಳ ಓದಿಗೆಂದು ಬಾಡಿಗೆ ಮನೆ ಮಾಡಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮಿತಿ ದಾಟಿದರೆ ದಾಟಿದಷ್ಟು ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ನಿಮ್ಮ ಮನೆಯ ಮಿತಿ ಗೊತ್ತಿಲ್ಲದಿದ್ದರೆ ಬೆಸ್ಕಾಂ ಕಚೇರಿಯಲ್ಲಿ ಆರ್‌ಆರ್ ನಂಬರ್ ಹೇಳಿ ಕೇಳಿ, ಅಥವಾ 1912ಕ್ಕೆ ಫೋನ್ ಮಾಡಿ. ಈ ಒಂದು ಅಂಕಿ ತಿಳಿಯದಿದ್ದರೆ ಮುಂದಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ.

2022-23ರಲ್ಲಿ ನಿಮ್ಮ ಮನೆಯಲ್ಲಿ ಚಿಕ್ಕ ಟಿವಿ ಒಂದೇ ಇತ್ತು, ಆಮೇಲೆ ದೊಡ್ಡ ಟಿವಿ, ಸೌಂಡ್ ಬಾಕ್ಸು, ವೈಫೈ ಎಲ್ಲ ಬಂದವು ಎಂದುಕೊಳ್ಳಿ. ಮಿತಿ ಹಳೆಯ ಮನೆಯದು, ಬಳಕೆ ಹೊಸ ಮನೆಯದು. ಬಿಲ್ ಬರುವುದು ಅಲ್ಲಿಂದಲೇ.

ವಾಟ್ ಎಷ್ಟು, ಗಂಟೆ ಎಷ್ಟು

ಒಂದು ಯೂನಿಟ್ ಎಂದರೆ 1000 ವಾಟ್‌ನ ಸಾಧನ ಒಂದು ಗಂಟೆ ಓಡಿದರೆ ಆಗುವ ಖರ್ಚು. 100 ವಾಟ್‌ನದು ಹತ್ತು ಗಂಟೆ ಓಡಿದರೂ ಒಂದೇ ಯೂನಿಟ್. ವಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಆಯಿತು. ಬಟವಾಡೆ ಲೆಕ್ಕ ಹಾಕುವವರಿಗೆ ಇದೇನೂ ಕಷ್ಟವಲ್ಲ.

ಟಿವಿಯ ಹಿಂದೆ ಅಂಟಿಸಿರುವ ಚೀಟಿಯಲ್ಲಿ ವಾಟ್ ಬರೆದಿರುತ್ತದೆ. ಅದು ಹೆಚ್ಚೆಂದರೆ ಎಳೆಯುವ ಪ್ರಮಾಣ, ಸಾಮಾನ್ಯವಾಗಿ ಓಡುವಾಗ ಅದಕ್ಕಿಂತ ಕಡಿಮೆ ಇರುತ್ತದೆ. ಹಿಂದೆ ಉಬ್ಬಿಕೊಂಡಿರುವ 21 ಇಂಚಿನ ಹಳೆಯ ಪಿಕ್ಚರ್ ಟ್ಯೂಬ್ ಟಿವಿ 60ರಿಂದ 100 ವಾಟ್ ತೆಗೆದುಕೊಳ್ಳುತ್ತದೆ. 32 ಇಂಚಿನ ಎಲ್‌ಇಡಿ ಟಿವಿಗೆ 30ರಿಂದ 50 ವಾಟ್ ಸಾಕು. 43 ಇಂಚಿನದಕ್ಕೆ 60ರಿಂದ 90, 55 ಇಂಚಿನದಕ್ಕೆ 100ಕ್ಕೂ ಮೇಲೆ. ಹಳೆಯ ಸೀಲಿಂಗ್ ಫ್ಯಾನು 75 ವಾಟ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. 32 ಇಂಚಿನ ಟಿವಿ ಒಂದು ಫ್ಯಾನಿಗಿಂತ ಕಡಿಮೆ ತಿನ್ನುತ್ತದೆ.

ಸೌಂಡ್ ಬಾಕ್ಸ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 5000 ವಾಟ್, 8000 ವಾಟ್ ಪಿಎಂಪಿಒ ಎಂದೆಲ್ಲ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಮಾರಾಟದ ಅಂಕಿ. ಅಷ್ಟು ಕರೆಂಟು ಎಳೆದರೆ ಮನೆಯ ಫ್ಯೂಸ್ ಉಳಿಯುವುದಿಲ್ಲ. ನಿಜವಾಗಿ ಓಡುವಾಗ ಅವು ಮೂವತ್ತು ನಲವತ್ತು ವಾಟ್‌ನ ಸುತ್ತ ಇರುತ್ತವೆ. ಇವುಗಳಿಗಿಂತ ಹೆಚ್ಚು ಗಮನ ಬೇಕಾಗಿರುವುದು ಟಿವಿಯ ಪಕ್ಕ ಕೂತಿರುವ ಚಿಕ್ಕ ಪೆಟ್ಟಿಗೆಗೆ.

ಮಲಗದ ಬಾಕ್ಸು

ಡಿಶ್ ಅಥವಾ ಕೇಬಲ್‌ನ ಸೆಟ್ ಟಾಪ್ ಬಾಕ್ಸ್ ಸಾಮಾನ್ಯವಾಗಿ 8ರಿಂದ 15 ವಾಟ್‌ನದು. ನೋಡಲು ಏನೂ ಅಲ್ಲ. ಆದರೆ ರಿಮೋಟ್‌ನಲ್ಲಿ ಆರಿಸಿದಾಗ ಅದು ನಿಜವಾಗಿ ಆರುವುದಿಲ್ಲ. ಹಸಿರು ದೀಪ ಕೆಂಪಾಗುತ್ತದೆ ಅಷ್ಟೇ. ಒಳಗೆ ಅದು ಸಿಗ್ನಲ್ ಹಿಡಿದುಕೊಂಡು ಎಚ್ಚರವಾಗಿಯೇ ಇದ್ದು, ಓಡುವಾಗ ಎಳೆಯುವಷ್ಟೇ ಕರೆಂಟನ್ನು ಹೆಚ್ಚೂಕಮ್ಮಿ ಎಳೆಯುತ್ತಲೇ ಇರುತ್ತದೆ. ನಾವು ಮಲಗಿದಾಗ, ಹುಲ್ಲು ಕೊಯ್ಯಲು ಹೋದಾಗ, ಊರಿಗೆ ಹೋದಾಗಲೂ. 2011ರಲ್ಲಿ ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಎಂಬ ಸಂಸ್ಥೆ ಅಲ್ಲಿನ ಬಾಕ್ಸ್‌ಗಳ ಬಗ್ಗೆ ವರದಿ ಕೊಟ್ಟಿತು. ಅವು ತಿನ್ನುವ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲು ಯಾರೂ ಟಿವಿ ನೋಡದ ಹೊತ್ತಿನಲ್ಲೇ ಹೋಗುತ್ತದೆ ಎಂದು ಅದರಲ್ಲಿತ್ತು. ನಮ್ಮ ಬಾಕ್ಸ್‌ಗಳು ಅವುಗಳಿಗಿಂತ ಚಿಕ್ಕವು, ಆದರೆ ಗುಣ ಅದೇ.

ಈಗ ಕುಣಿಗಲ್ ತಾಲ್ಲೂಕಿನ ಒಂದು ಮನೆ ಎಂದು ಇಟ್ಟುಕೊಳ್ಳೋಣ. 43 ಇಂಚಿನ ಟಿವಿ, 75 ವಾಟ್, ದಿನಕ್ಕೆ ಐದು ಗಂಟೆ. ತಿಂಗಳಿಗೆ ಸುಮಾರು 11 ಯೂನಿಟ್ ಆಯಿತು. ಜೊತೆಗೆ ಮಗ ತಂದ ಹೋಮ್ ಥಿಯೇಟರ್ ಓಡುವಾಗ 30 ವಾಟ್, ಸುಮ್ಮನಿದ್ದಾಗ 8 ವಾಟ್. 12 ವಾಟ್‌ನ ಬಾಕ್ಸು ಇಪ್ಪತ್ತನಾಲ್ಕು ಗಂಟೆ. 8 ವಾಟ್‌ನ ವೈಫೈ ಅದೂ ಇಪ್ಪತ್ತನಾಲ್ಕು ಗಂಟೆ. ಎಲ್ಲ ಕೂಡಿದರೆ ತಿಂಗಳಿಗೆ ಹತ್ತಿರ ಹತ್ತಿರ 35 ಯೂನಿಟ್. ಅಂದರೆ ಟಿವಿಯ ಪಾಲು ಮೂರನೇ ಒಂದು ಭಾಗವೂ ಅಲ್ಲ.

ಇನ್ನೂ ಒಳಗೆ ಇಳಿದು ನೋಡಿ. ಟಿವಿ ಆರಿರುವ 19 ಗಂಟೆಯಲ್ಲಿ ಬಾಕ್ಸು ಮತ್ತು ಹೋಮ್ ಥಿಯೇಟರ್ ಎರಡೇ ಸೇರಿ ತಿಂಗಳಿಗೆ 11 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ತಿನ್ನುತ್ತವೆ. ಧಾರಾವಾಹಿ ನೋಡಿದ್ದಕ್ಕೆ ಟಿವಿ ಎಷ್ಟು ತಿಂದಿತೋ, ಯಾರೂ ಏನೂ ನೋಡದೆ ಇದ್ದದ್ದಕ್ಕೂ ಅಷ್ಟೇ ಹೋಯಿತು!

ಈ ಮನೆಯ 2022-23ರ ಸರಾಸರಿ 70 ಯೂನಿಟ್ ಇತ್ತೆಂದರೆ ಮಿತಿ 77. ಈಗ 90 ಬಳಸುತ್ತಿದ್ದರೆ 13 ಯೂನಿಟ್‌ಗೆ ಬಿಲ್. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 78, ವರ್ಷಕ್ಕೆ 936 ರೂಪಾಯಿ. ಸರಿಯಾದ ದರ ನಿಮ್ಮ ಚೀಟಿಯಲ್ಲಿರುತ್ತದೆ, ತೆರಿಗೆ ಬೇರೆ. ಇದನ್ನು ನಿಮ್ಮ ಬಟವಾಡೆ ದರದಿಂದ ಭಾಗಿಸಿ, ಎಷ್ಟು ಲೀಟರ್ ಹಾಲು ಹೋಯಿತು ಎಂದು ನೀವೇ ನೋಡಿ. ಟಿವಿ ಆರಿಸಿದಾಗ ಬಾಕ್ಸು, ಹೋಮ್ ಥಿಯೇಟರ್ ಎರಡನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ, ರಾತ್ರಿ ಎಂಟು ಗಂಟೆ ವೈಫೈ ಆರಿಸಿದರೆ ಆ 13 ಯೂನಿಟ್ ಉಳಿಯುತ್ತದೆ. ಒಂದು ಧಾರಾವಾಹಿಯನ್ನೂ ಬಿಡಬೇಕಾಗಿಲ್ಲ.

ಗುಬ್ಬಿ ಕಡೆಯ ಇನ್ನೊಂದು ಮನೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ, 80 ವಾಟ್, ಏಳು ಗಂಟೆ. ಬಾಕ್ಸು 10 ವಾಟ್, ದಿನಪೂರ್ತಿ. ತಿಂಗಳಿಗೆ 24 ಯೂನಿಟ್. ಇದೇ ಮನೆಯಲ್ಲಿ 2 ಎಚ್‌ಪಿ ಚಾಫ್ ಕಟರ್ ದಿನಕ್ಕೆ ಕಾಲು ಗಂಟೆ ಓಡಿದರೆ ತಿಂಗಳಿಗೆ 13 ಯೂನಿಟ್ ಆದೀತು. ಗರಗರ ಸದ್ದು ಮಾಡುವ ಮಿಷನ್ನೇ ಹೆಚ್ಚು ತಿನ್ನುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಸದ್ದಿಲ್ಲದೆ ಹೆಚ್ಚು ಹೊತ್ತು ಓಡುವುದು ಅದಕ್ಕಿಂತ ಮುಂದೆ ಹೋಗಿದೆ. ಈ ಮನೆಯವರು 40 ವಾಟ್‌ನ 32 ಇಂಚಿನ ಎಲ್‌ಇಡಿಗೆ ಬದಲಾಗಿ, ನೋಡುವಾಗ ಮಾತ್ರ ಬಾಕ್ಸು ಹಾಕಿದರೆ ಹತ್ತೂವರೆ ಯೂನಿಟ್‌ಗೆ ಇಳಿಯುತ್ತದೆ. ಹಾಗೆಂದು ಕರೆಂಟ್ ಉಳಿಸಲೆಂದೇ ಹೊಸ ಟಿವಿ ತರಲು ಹೇಳುತ್ತಿಲ್ಲ. ಹಾಕಿದ ದುಡ್ಡು ವಾಪಸ್ ಬರಲು ಬಹಳ ವರ್ಷ ಬೇಕು. ಹಳೆಯದು ಕೆಟ್ಟಾಗ ರಿಪೇರಿಗೆ ಸಾವಿರಗಟ್ಟಲೆ ಹಾಕುವ ಮೊದಲು ಈ ಲೆಕ್ಕ ನೆನಪಿರಲಿ. ಹೊಸದು ತರುವಾಗ ನಕ್ಷತ್ರದ ಚೀಟಿ ನೋಡಿ. ಫ್ರಿಜ್‌ಗೆ ಇರುವಂತೆ ಟಿವಿಗೂ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅದರಲ್ಲಿ ಬರೆದಿರುತ್ತದೆ.

ನಿಮ್ಮ ಮನೆಯಲ್ಲೇ ಅಳೆಯುವ ಬಗೆ

ಮೇಲಿನದೆಲ್ಲ ಅಂದಾಜು. ನಿಮ್ಮ ಮನೆಯ ನಿಜವಾದ ಅಂಕಿ ನಿಮ್ಮ ಮೀಟರ್‌ನಲ್ಲೇ ಇದೆ. ಈಗಿನ ಡಿಜಿಟಲ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಅದರ ಪಕ್ಕ 3200 ಅಥವಾ 1600 ಎಂಬಂಥ ಅಂಕಿ ಇರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದು ಅರ್ಥ.

ಮಧ್ಯಾಹ್ನ ಬಿಡುವಿನಲ್ಲಿ ಹತ್ತು ನಿಮಿಷ ಮನೆಯ ಎಲ್ಲ ಸಾಧನ ಆರಿಸಿ. ಫ್ರಿಜ್ಜು, ಯುಪಿಎಸ್, ಕೊಟ್ಟಿಗೆಯ ಬಲ್ಬನ್ನೂ ಮರೆಯಬೇಡಿ. ಟಿವಿ ಮತ್ತು ಬಾಕ್ಸು ಮಾತ್ರ ಓಡಲಿ. ಒಂದು ಮಿಣುಕಿಗೂ ಮುಂದಿನ ಮಿಣುಕಿಗೂ ನಡುವೆ ಎಷ್ಟು ಸೆಕೆಂಡ್ ಎಂದು ಫೋನ್‌ನಲ್ಲಿ ನೋಡಿಕೊಳ್ಳಿ. ಮೀಟರ್ 3200ರದ್ದಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದು ವಾಟ್. 1600ರದ್ದಾದರೆ 2250ನ್ನು ಭಾಗಿಸಿ. 3200ರ ಮೀಟರ್‌ನಲ್ಲಿ ಹದಿನೈದು ಸೆಕೆಂಡಿಗೊಮ್ಮೆ ಮಿಣುಕಿದರೆ 75 ವಾಟ್.

ಈಗ ರಿಮೋಟ್‌ನಲ್ಲಿ ಎರಡನ್ನೂ ಆರಿಸಿ ಮತ್ತೆ ಕಾಯಿರಿ. ದೀಪ ನಿಲ್ಲಬೇಕಿತ್ತು. ಎರಡು ನಿಮಿಷದೊಳಗೆ ಅದು ಮತ್ತೆ ಮಿಣುಕಿದರೆ ಹತ್ತು ವಾಟ್ ಆಸುಪಾಸು ಹೋಗುತ್ತಲೇ ಇದೆ ಎಂದಾಯಿತು. ತೀರಾ ಸಣ್ಣ ಹೊರೆಗೆ ಕೆಲವು ಮೀಟರ್ ಮಿಣುಕದಿರಬಹುದು. ಆಗ ಹೋಮ್ ಥಿಯೇಟರ್, ವೈಫೈಗಳನ್ನೂ ಸೇರಿಸಿ ಒಟ್ಟಿಗೆ ನೋಡಿ. ಮೀಟರ್ ಮುಟ್ಟುವುದು ಬೇಡ, ಕಣ್ಣಲ್ಲಿ ನೋಡಿದರೆ ಸಾಕು. ಎಂಟನೇ ತರಗತಿಯ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ, ಖುಷಿಯಾಗಿ ಮಾಡುತ್ತಾರೆ.

ಯಾವುದಕ್ಕೆ ಕೈ ಹಾಕಬೇಕು

ಟಿವಿ, ಬಾಕ್ಸು, ಸೌಂಡ್ ಬಾಕ್ಸು ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಕೈಗೆ ಸಿಗುವ ಎತ್ತರದಲ್ಲಿ ಅದರ ಸ್ವಿಚ್ ಇಡಿ. ಸ್ವಿಚ್ ಟಿವಿಯ ಹಿಂದೆ ಸಿಕ್ಕಿಕೊಂಡಿದ್ದರೆ ಯಾರೂ ಆರಿಸುವುದಿಲ್ಲ, ಇದು ಖಚಿತ. ಬಾಕ್ಸು ಮತ್ತೆ ಹಾಕಿದಾಗ ಚಾನೆಲ್ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ, ಗಾಬರಿ ಬೇಡ. ರೀಚಾರ್ಜ್ ಮಾಡಿದ ಹೊತ್ತಿನಲ್ಲಿ ಮಾತ್ರ ಬಾಕ್ಸು ಓಡುತ್ತಿರಲಿ.

ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರ 'ವಿವಿಡ್' ಅಥವಾ 'ಡೈನಮಿಕ್' ಎಂದಿದ್ದರೆ 'ಸ್ಟ್ಯಾಂಡರ್ಡ್' ಅಥವಾ 'ಇಕೋ' ಮಾಡಿ. ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲೆಂದು ಇಟ್ಟ ಬೆಳಕು ನಮ್ಮ ನಡುಮನೆಗೆ ಬೇಕಿಲ್ಲ. ಕಣ್ಣಿಗೂ ಹಿತ, ವಾಟೂ ಇಳಿಯುತ್ತದೆ. ಸ್ಮಾರ್ಟ್ ಟಿವಿಯಲ್ಲಿ 'ಕ್ವಿಕ್ ಸ್ಟಾರ್ಟ್' ಎಂಬುದಿದ್ದರೆ ತೆಗೆಯಿರಿ. ಅದು ಟಿವಿಯನ್ನು ಅರೆನಿದ್ರೆಯಲ್ಲಿ ಇಟ್ಟಿರುತ್ತದೆ. ಹಳೆಯ ಟಿವಿಗೆ ಕಟ್ಟಿದ್ದ ಸ್ಟೆಬಿಲೈಸರ್ ಹೊಸ ಟಿವಿಗೂ ಮುಂದುವರಿದಿದೆಯೇ ನೋಡಿ. ಟಿವಿಯ ಹಿಂದೆ 100–240 ವೋಲ್ಟ್ ಎಂದು ಬರೆದಿದ್ದರೆ ಅದು ಸಾಮಾನ್ಯ ಏರಿಳಿತವನ್ನು ತಾನೇ ತಡೆದುಕೊಳ್ಳುತ್ತದೆ. ಸ್ಟೆಬಿಲೈಸರ್ ಸುಮ್ಮನೆ ದಿನವಿಡೀ ಒಂದಷ್ಟು ವಾಟ್ ತಿನ್ನುತ್ತಾ ಕೂತಿರುತ್ತದೆ.

ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕಿವಿಗೆ ಬೀಳಲಿ ಎಂದು ಒಳಗೆ ಟಿವಿ ಜೋರಾಗಿ ಹಾಕಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬೇಕಾಗಿರುವುದು ಸದ್ದು ಮಾತ್ರವಾದರೆ ರೇಡಿಯೋ ಸಾಕು, ಐದು ವಾಟೂ ಬೇಡ. ಹಸುವಿಗೂ ಜೋರು ಸದ್ದಿಗಿಂತ ಮೆಲುಸದ್ದೇ ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ನೀರು ಕಾಯಿಸುವ 1500 ವಾಟ್‌ನ ಹೀಟರ್ ಕಾಯಿಲ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. 2000 ವಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ 30 ಯೂನಿಟ್. 40 ವಾಟ್‌ನ ಟಿವಿಯನ್ನು ಇಡೀ ದಿನ ಹಾಕಿಟ್ಟರೂ ತಿಂಗಳಿಗೆ 29 ಯೂನಿಟ್ ಆಗುತ್ತದೆ. ಮನೆಮಂದಿಯ ಸ್ನಾನಕ್ಕೂ ಕ್ಯಾನು ತೊಳೆಯಲೂ ಕಾಯಿಲ್ ಹಾಕುವ ಮನೆಯಲ್ಲಿ ಬಿಲ್ ಬಂದದ್ದಕ್ಕೆ ಧಾರಾವಾಹಿಯನ್ನು ದೂರುವುದು ನ್ಯಾಯವಲ್ಲ. ತೆಂಗಿನ ಮಟ್ಟೆ, ಗರಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಹಂಡೆ ಒಲೆ ಇನ್ನೂ ಇರುವವರು ಅದನ್ನು ಕೀಳುವ ಮೊದಲು ಯೋಚಿಸಿ.

ಸಂಜೆಯ ಹೊತ್ತಿನ ಸಂಗತಿಯೂ ಒಂದಿದೆ. ನಮ್ಮ ಜಿಲ್ಲೆಯ ಪಾವಗಡದ ತಿರುಮಣಿ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಅಲ್ಲಿ ಕರೆಂಟು ಹುಟ್ಟುವುದು ಹಗಲಿನಲ್ಲಿ. ನಮ್ಮ ಟಿವಿ ಹೊತ್ತುವುದು ಸೂರ್ಯ ಮುಳುಗಿದ ಮೇಲೆ. ಅದೇ ಹೊತ್ತಿಗೆ ಹಾಲು ಕರೆಯುವ ಮಿಷನ್ ಓಡುತ್ತದೆ, ಸಂಜೆಯ ಹಾಲು ಬಿದ್ದ ಮೇಲೆ ಸಂಘದ ಬಿಎಂಸಿ ತಂಪು ಮಾಡಲು ಶುರುಮಾಡುತ್ತದೆ. ಊರಿನ ಎಲ್ಲ ಹೊರೆಯೂ ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತದೆ. ಮೇವು ಕತ್ತರಿಸುವುದು, ನೀರು ಎತ್ತುವುದನ್ನಾದರೂ ಹಗಲಿನಲ್ಲೇ ಮುಗಿಸಿಕೊಂಡರೆ ಸಂಜೆ ವೋಲ್ಟೇಜ್ ಬೀಳುವುದು ಕಡಿಮೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆಗೆ ಸ್ವಿಚ್ ಆರಿಸಿದರೆ ಸಾಲದು. ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತು, ಬಾಕ್ಸಿನ ಹಿಂದಿನ ಡಿಶ್ ವೈರನ್ನೂ ಬಿಚ್ಚಿಡಿ. ಸಿಡಿಲು ಹತ್ತಿರದಲ್ಲಿ ಹೊಡೆಯತೊಡಗಿದ ಮೇಲೆ ಯಾವ ವೈರನ್ನೂ ಮುಟ್ಟಬೇಡಿ. ಕೊಟ್ಟಿಗೆಯಿಂದ ಒದ್ದೆ ಕೈಯಲ್ಲಿ ಬಂದು ಸ್ವಿಚ್ ಬೋರ್ಡಿಗೆ ಕೈ ಹಾಕುವುದಂತೂ ಯಾವ ಕಾಲಕ್ಕೂ ಬೇಡ.