ಮಾರ್ಚ್‌ಕ್ಕ ಹೊಸಾದ ಬರ್ತೈತಿ

2022ರ ಹತ್ತಿ ದರವನ್ನು ನಮ್ಮ ಕಾಕಾ ಇನ್ನೂ ಮರೆತಿಲ್ಲ. ಆ ವರ್ಷ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತ್ತು. ಮರು ಹಂಗಾಮಿನಲ್ಲಿ ಎಂಟು ಸಾವಿರಕ್ಕೆ ಕೇಳಿ ಬಂದವರನ್ನು ವಾಪಸ್ ಕಳಿಸಿ, ಪಡಸಾಲೆ ತುಂಬ ಹತ್ತಿ ಒಟ್ಟಿಕೊಂಡು ಕೂತರು. ಬೇಸಿಗೆಗೆ ಅದು ಒಣಗಿ ತೂಕ ಇಳಿಯಿತು, ಮನೆಮಂದಿಯೆಲ್ಲ ಮೈ ಕೆರೆದುಕೊಳ್ಳತೊಡಗಿದರು. ಕೊನೆಗೆ ಬೈಲಹೊಂಗಲದ ಪೇಟೆಗೆ ಹೋದದ್ದು ಏಳು ಸಾವಿರದ ಚಿಲ್ಲರೆಗೆ. ನಾನು ಆಗ ನಕ್ಕಿದ್ದೆ.

ಅದೇ ವರ್ಷ ನಾನೂ ಕಾಯಲು ಕೂತೆ. ಕಾಕಾ ದರ ಏರಲಿ ಅಂತ, ನಾನು ಇಳಿಯಲಿ ಅಂತ. ಅಷ್ಟೇ ಫರಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. 2017ರಲ್ಲಿ ತಂದ ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಬಸ್ ಹತ್ತುತ್ತೇನೆ. ಅದು ಮುದಿಯಾಗಿದ್ದು ನನಗೂ ಗೊತ್ತಿತ್ತು. ಆದರೆ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಕೊಳ್ಳಲು ಬಿಡಬೇಕಲ್ಲ! "ಈಗ ತಗೋಬ್ಯಾಡ್ರಿ ಮಾಮಾ. ಹೊಸಾ ಚಿಪ್ ಬಂತಂದ್ರ ಹಳೇದು ಅರ್ಧಾ ರೇಟಿಗೆ ಸಿಗ್ತೈತಿ."

2023ರ ಡಿಸೆಂಬರಿಗೆ ಇಂಟೆಲ್‌ನವರು ಕೋರ್ ಅಲ್ಟ್ರಾ ತಂದರು. ದರ ಇಳಿಯಲಿ ಅಂದ. 2024ರ ಜೂನ್‌ಗೆ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಬಂತು, ಸೆಪ್ಟೆಂಬರಿಗೆ ಇಂಟೆಲ್‌ನ ಮುಂದಿನ ಸರಣಿ. ಜನವರಿ ಬಂದರೆ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮೇಳ. ನಮ್ಮ ಸವದತ್ತಿ ಗುಡ್ಡದಲ್ಲಿ ಯಲ್ಲಮ್ಮನ ಬನದ ಹುಣ್ಣಿಮೆ ನಡೆಯುವ ಆಸುಪಾಸಿಗೆ ಅಲ್ಲಿ ಲ್ಯಾಪ್‌ಟಾಪಿನವರ ಜಾತ್ರೆ. ಜಾತ್ರೆ ಪ್ರತಿವರ್ಷ ಬರುತ್ತದೆ ಅನ್ನುವುದೇ ತೊಡಕು. ಯಾವ ತಿಂಗಳಲ್ಲಿ ಕೇಳಿದರೂ ಮುಂದೆ ಏನೋ ಒಂದು ಬರುವುದಿರುತ್ತದೆ.

ಹೊಸದು ಬಂದರೆ ಹಳೆಯದು ಅಗ್ಗ ಎಂಬ ಲೆಕ್ಕವನ್ನಾದರೂ ನಂಬಬಹುದೇ? ಅಳಿಯನ ಆರಾಧ್ಯದೈವ ಆಪಲ್‌ನದೇ ಉದಾಹರಣೆ ನೋಡಿ. ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ 2020ರಲ್ಲಿ ಇಲ್ಲಿಗೆ ಬಂದದ್ದು 92,900 ರೂಪಾಯಿಗೆ. 2022ರ ಜೂನ್‌ನಲ್ಲಿ 1,19,900ಕ್ಕೆ ಎಂ2 ಬಂದಾಗ ಹಳೆಯ ಎಂ1ರ ದರ ಇಳಿಯಲಿಲ್ಲ, 99,900ಕ್ಕೆ ಏರಿತು. ಕಾದವರು ಏಳು ಸಾವಿರ ಹೆಚ್ಚು ತೆತ್ತರು. ಮುಂದೆ ಇದೂ ಉಲ್ಟಾ ಹೊಡೆಯಿತು. 2024ರ ಮಾರ್ಚ್‌ನಲ್ಲಿ ಎಂ3 ಏರ್‌ಗೆ 1,14,900 ಇಟ್ಟವರು, 2025ರ ಮಾರ್ಚ್‌ನಲ್ಲಿ ಎಂ4 ಅನ್ನು 99,900ಕ್ಕೇ ಕೊಟ್ಟರು, ಮೆಮೊರಿಯನ್ನೂ ದುಪ್ಪಟ್ಟು ಮಾಡಿ. ಅಳಿಯ ಅವತ್ತಿನಿಂದ ಮಾರ್ಚ್ ತಿಂಗಳ ಭಕ್ತ. ಒಮ್ಮೆ ತಾಕಿದ ಊಹೆಯನ್ನು ಜನ ಜನ್ಮಪೂರ್ತಿ ನೆನಪಿಡುತ್ತಾರೆ, ತಪ್ಪಿದ್ದನ್ನು ಮರುದಿನವೇ ಮರೆಯುತ್ತಾರೆ. ಕಾಕಾನ 2022ರ ಹತ್ತಿಯೂ ಇದೇ ಜಾತಿಯದು.

ಈ ಕಾಯುವ ಚಟ ಮಾರುವವರನ್ನೂ ಬಿಟ್ಟಿಲ್ಲ. 1981ರಲ್ಲಿ ಆಡಮ್ ಆಸ್ಬಾರ್ನ್ ಎಂಬಾತ ಹನ್ನೊಂದು ಕಿಲೋ ತೂಕದ, ಕೈಯಲ್ಲಿ ಎತ್ತಿಕೊಂಡು ಹೋಗುವ ಕಂಪ್ಯೂಟರ್ ಮಾರಿ ಹೆಸರು ಮಾಡಿದ. ಮುಂದಿನ ಮಾಡೆಲ್‌ನ ಸುದ್ದಿ ಮೊದಲೇ ಹೊರಬಿದ್ದದ್ದರಿಂದ ಇದ್ದದ್ದನ್ನು ಯಾರೂ ಕೊಳ್ಳದಾದರು ಅಂತ ಕಥೆ. 1983ರಲ್ಲಿ ಕಂಪನಿ ದಿವಾಳಿಯೆದ್ದಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನುತ್ತಾರೆ. ಕಥೆ ಮಾತ್ರ ಉಳಿದಿದೆ.

ನನ್ನ ಕಥೆಗೆ ಬರುತ್ತೇನೆ. ಒಂದು ತಿಂಗಳ 20ನೇ ತಾರೀಕು, ಜಿಎಸ್‌ಟಿಯ 3ಬಿ ರಿಟರ್ನ್ ತುಂಬುವ ಕೊನೆಯ ದಿನ. ಸವದತ್ತಿಯ ಕಿರಾಣಿ ಅಂಗಡಿಯಲ್ಲಿ, ಬೆಲ್ಲದ ಪೆಂಟಿಗಳ ನಡುವೆ ಕೂತಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿತ್ತಲ್ಲ, ಪರದೆಯೂ ಕಪ್ಪಾಯಿತು. ಕರೆಂಟು ಬಂದರೂ ಯಂತ್ರ ಏಳಲಿಲ್ಲ. ಮೂರು ಅಂಗಡಿಗಳ ಲೆಕ್ಕ ಅದರ ಹೊಟ್ಟೆಯಲ್ಲಿ. ಸಾಹುಕಾರರು ಕಲ್ಲುಸಕ್ಕರೆಯ ಚೂರೊಂದನ್ನು ನನ್ನತ್ತ ಸರಿಸಿ, "ಹೊಸಾದ ಒಂದ ತಗೋಬಾರ್ದೇನ್ರಿ ಸರ?" ಅಂದರು. ಮಾರ್ಚ್‌ಕ್ಕ ಹೊಸಾದ ಬರ್ತೈತಿ ಅಂತ ಹೇಳಲು ನಾಲಿಗೆ ಏಳಲಿಲ್ಲ.

ರಿಪೇರಿಯಾಗಿ ಬಂದದ್ದು 24ಕ್ಕೆ. ವಿಳಂಬ ಶುಲ್ಕ ದಿನಕ್ಕೆ 50ರಂತೆ, ಮೂರು ಅಂಗಡಿ, ನಾಲ್ಕು ದಿನ: 600 ರೂಪಾಯಿ ನನ್ನ ಕಿಸೆಯಿಂದ. ಬಡ್ಡಿಯನ್ನು ಅಂಗಡಿಯವರೇ ತುಂಬಿಕೊಂಡರು, ಮಾತಾಡದೆ. ಆ ಮೌನಕ್ಕೆ ಯಾವ ಖಾತೆಯಲ್ಲಿ ಖರ್ಚು ಬರೆಯಲಿ?

ಆದರೂ ಬುದ್ಧಿ ಬರಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯುತ್ತದೆ ಅಂದಾಗ ಮತ್ತೆ ಕಾದೆ. ದೊಡ್ಡ ಟಿವಿ 28ರಿಂದ 18ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಲೆಕ್ಕ ಬರೆಯುವವನಾಗಿ ಇದು ನನಗೆ ತಿಳಿದಿರಬೇಕಿತ್ತು. ನನ್ನದೇ ಗಿರಾಕಿ, ರಾಮದುರ್ಗದ ಸೀರೆ ವ್ಯಾಪಾರಿಯೊಬ್ಬರು, ಸೆಪ್ಟೆಂಬರ್‌ನಲ್ಲೇ ತಂದುಬಿಟ್ಟರು. ಅವರಿಗೆ ಕಾರಣ ಹೇಳಿಕೊಟ್ಟವನು ನಾನೇ! ಕಂಪ್ಯೂಟರ್ ಮೇಲೆ ಆದಾಯ ತೆರಿಗೆಯಲ್ಲಿ ಶೇ 40 ಸವಕಳಿ ಸಿಗುತ್ತದೆ. ಆದರೆ ತಂದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷಕ್ಕೆ ಅದರ ಅರ್ಧ. ಅಂದರೆ ಅಕ್ಟೋಬರ್ ಹುಟ್ಟುವ ಮೊದಲು 50,000ದ ಯಂತ್ರ ತಂದರೆ 20,000 ಖರ್ಚು ತೋರಿಸಬಹುದು, ಆಮೇಲೆ ತಂದರೆ 10,000. ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ, ನಿಜ. ಆದರೆ ಈ ವರ್ಷದ ತೆರಿಗೆ ಈ ವರ್ಷವೇ ಕಟ್ಟಬೇಕಲ್ಲ.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು. ನನ್ನ ಏಳನೇ ತಲೆಮಾರಿನ ಇಂಟೆಲ್‌ಗೆ ವಿಂಡೋಸ್ 11 ಹತ್ತುವುದಿಲ್ಲ. ಮೈಕ್ರೋಸಾಫ್ಟ್ ಇನ್ನೊಂದು ವರ್ಷ ನೂಕಲು ದಾರಿ ಕೊಟ್ಟಿತ್ತು, ಅದೂ ನನಗೆ ಕಾಯಲು ನೆಪವಾಯಿತು. ದೀಪಾವಳಿ ಆಫರ್ ನೋಡೋಣ ಅಂದೆ. ಪಾಡ್ಯ ಮುಗಿದ ಮರುದಿನವೇ ಕಿತ್ತೂರು ಉತ್ಸವ, ಆ ಗದ್ದಲದಲ್ಲಿ ಆಫರೂ ಮುಗಿಯಿತು. ಅಷ್ಟರೊಳಗೆ ಎಐ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳತೊಡಗಿ ರ‍್ಯಾಮ್ ದರ ಏರತೊಡಗಿತ್ತು. ಸೆಪ್ಟೆಂಬರ್‌ನಲ್ಲಿ 49,000 ಹೇಳಿದ್ದ ಯಂತ್ರವನ್ನು ಡಿಸೆಂಬರ್ ಕೊನೆಗೆ 54,000 ಕೊಟ್ಟು ತಂದೆ.

ಆ ರಾತ್ರಿ ಹಳೆಯ ಡೈರಿಯಲ್ಲಿ ಬರೆದೆ: ಹಳೆಯದಕ್ಕೆ ಹಾಕಿಸಿದ ಬ್ಯಾಟರಿ 2,800, ಹೊರಗಿನ ಕೀಬೋರ್ಡ್ 900, ದಂಡ 600, ದರ ಏರಿಕೆ 5,000. ಒಟ್ಟು 9,300. ಬಾಬ್ತು: ಕಾದದ್ದು.

ಮರುದಿನ ಅಳಿಯನ ಫೋನು. "ಥೋ ಮಾಮಾ, ಜನವರಿ ತನಕ ತಡೀಬಾರ್ದಿತ್ತೇನ್ರಿ?" ಪಕ್ಕದಲ್ಲೇ ಕೂತಿದ್ದ ಕಾಕಾ ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಎಷ್ಟಕ್ಕ ತಂದಿ ಅಂದರು, ಹೇಳಿದೆ. ಆ ವಾರ ಅವರ ಹತ್ತಿ 7,200ರಂತೆ ಹೋಗಿತ್ತು. ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿದರು.

"ಏಳೂವರಿ ಕ್ವಿಂಟಲ್ ಆತಲ್ಲೋ ತಮ್ಮಾ! ಇದರಾಗ ಹತ್ತೀ ರೇಟ್ ಮುಂದ ಏರ್ತೈತೋ ಇಲ್ಲೋ ನೋಡ ಒಂದೀಟು."