ಇಂದಿನ ಧಮ್ಮ ಚಿಂತನೆ: ಹಳೆಯದು ಬೇರೆ, ಕದ್ದದ್ದು ಬೇರೆ



ದೇವಸಮುದ್ರದಿಂದ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಬಳಿಯ ಸಂಡೆ ಬಜಾರಿನಲ್ಲಿ ಮಗನಿಗೆ ಹಳೇ ವಿಡಿಯೋ ಗೇಮ್ ಹುಡುಕಿದೆ. ಹೊಸದರಂತಿದ್ದ ಒಂದು ಮುನ್ನೂರಕ್ಕೇ ಸಿಕ್ಕಿತು. "ಎಲ್ಲಿಂದ ಬಂತಣ್ಣ?" ಅಂದೆ. "ಅದೆಲ್ಲಾ ನಿಮಗ್ಯಾಕೆ ಸಾರ್?" ಅಂದರು. ಕೆಳಗಿಟ್ಟು ಬಂದೆ. ಮಗ ಎರಡು ದಿನ ಮಾತಾಡಲಿಲ್ಲ.

ಹಳೆಯದನ್ನು ಕೊಳ್ಳುವುದು ಕೀಳಲ್ಲ. ಜನ ಬಿಸಾಡಿದ ಚಿಂದಿಯನ್ನೇ ಆಯ್ದು ಹೊಲಿದ ಪಂಸುಕೂಲ ಚೀವರವನ್ನು ಭಿಕ್ಖುಗಳು ಧರಿಸುತ್ತಿದ್ದರು. ಬಿಸಾಡಿದ್ದಕ್ಕೆ ಒಡೆಯನಿಲ್ಲ, ಕದ್ದದ್ದಕ್ಕೆ ಇದ್ದಾನೆ. ಕೊಡದಿದ್ದನ್ನು ತೆಗೆದುಕೊಳ್ಳದಿರುವುದೇ ಎರಡನೇ ಶೀಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕಳ್ಳತನ ಮಾಡೆನೆಂಬುದಿದೆ. ಆ ಗೇಮ್ ಕದ್ದದ್ದೆಂದು ಹೇಳಲಾರೆ, ಕೊಟ್ಟದ್ದೆಂದೂ ಹೇಳಲಾರೆ. ಅದಕ್ಕೇ ಬಿಟ್ಟೆ.

ಇಂದಿನ ಅಭ್ಯಾಸ: ಅಗ್ಗಕ್ಕೆ ಸಿಕ್ಕಾಗ, ಎಲ್ಲಿಂದ ಬಂತೆಂದು ಒಮ್ಮೆ ಕೇಳೋಣ.