ಹಗುರವಿದ್ದರೆ ದೂರ ನಡೆದೀತು

ಮಗಳೇ, ಸೋಮವಾರ ನೀನು ದಾವಣಗೆರೆ ಬಸ್ಸು ಹತ್ತುವವಳು. ಬಟ್ಟೆ, ಚಟ್ನಿಪುಡಿ, ಅಂಕಪಟ್ಟಿ ಎಲ್ಲ ಬ್ಯಾಗು ಸೇರಿದವು. ಉಳಿದದ್ದು ಈ ಫೋನು. ನಿನ್ನಮ್ಮ ಈ ಸಲದ ಶೇಂಗಾ ಮಾರಿದ ದುಡ್ಡಿನಲ್ಲಿ 7,500 ರೂಪಾಯಿ ಎಣಿಸಿ ನನ್ನ ಕೈಗಿಟ್ಟು, "ಅಣ್ಣಾ, ನೀನೇ ನೋಡಿ ತಂದುಕೊಡು" ಎಂದಳು. ನೋಡಿಯೇ ತಂದಿದ್ದೇನೆ. ಡಬ್ಬಿ ತೆರೆದಾಗ ನಿನ್ನ ಮುಖ ಒಂದಿಷ್ಟು ಸಣ್ಣಗಾದದ್ದನ್ನೂ ನೋಡಿದೆ. ಜೊತೆಯಲ್ಲಿ ಓದಿದವರ ಕೈಯಲ್ಲಿ ಇದರ ಮೂರುಪಟ್ಟು ಬೆಲೆಯ ಫೋನುಗಳಿವೆ ಎಂದು ನನಗೂ ಗೊತ್ತು.

ಹಿರಿಯೂರಿನ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಫೋನು ಬಿಚ್ಚಿ ಕೂಡಿಸುತ್ತಿರುವ ಕೈ ನನ್ನದು. ಮೂವತ್ತು ಸಾವಿರದ ಫೋನು ವರ್ಷ ತುಂಬುವುದರೊಳಗೆ ಸುಸ್ತಾಗಿ ನನ್ನ ಮೇಜಿಗೆ ಬಂದದ್ದುಂಟು. ಏಳೆಂಟು ಸಾವಿರದ್ದು ಐದು ವರ್ಷ ದುಡಿದು, ಬ್ಯಾಟರಿ ಬದಲಿಸಿಕೊಂಡು ಮತ್ತೆ ಕೆಲಸಕ್ಕೆ ಹೊರಟದ್ದೂ ಉಂಟು. ಬಹಳಷ್ಟು ಫೋನುಗಳನ್ನು ಕೆಡಿಸುವುದು ವಯಸ್ಸಲ್ಲ, ಹೊರೆ. ಫೋನನ್ನು ಹಗುರವಾಗಿಡು. ನಾನು ಹೇಳಬೇಕಾದದ್ದು ಇದೊಂದೇ ಮಾತು. ಮುಂದಿನದೆಲ್ಲ ಅದರ ವಿವರ.

ನಿನ್ನ ಫೋನಿಗೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಇವೆರಡೂ ಬೇರೆ ಬೇರೆ. ನನ್ನ ಕೆಲಸದ ಮೇಜು ನೋಡಿದ್ದೀಯಲ್ಲ, ಅದು ರ‍್ಯಾಮ್. ಹಿಂದಿನ ಕಪಾಟು ಸ್ಟೋರೇಜ್. ಮೇಜಿನ ಮೇಲೆ ಮೂರು ಫೋನು ಬಿಚ್ಚಿಟ್ಟುಕೊಂಡರೆ ನಡೆಯುತ್ತದೆ. ನಾಲ್ಕನೆಯದನ್ನೂ ಬಿಚ್ಚಿದರೆ ಯಾವುದರ ಸ್ಕ್ರೂ ಯಾವುದಕ್ಕೆ ಎಂದು ಹುಡುಕುವುದೇ ಕೆಲಸವಾಗುತ್ತದೆ. ಫೋನು ನಿಧಾನವಾಗುವುದೂ ಹಾಗೆಯೇ. ಅದನ್ನು ಚುರುಕು ಮಾಡುತ್ತೇವೆಂದು ಹೇಳಿಕೊಳ್ಳುವ ಬೂಸ್ಟರ್, ಕ್ಲೀನರ್ ಆ್ಯಪ್‌ಗಳನ್ನು ಮುಟ್ಟಬೇಡ. ಅವು ಮೇಜಿನ ಮೇಲೆ ಕೂರುವ ಇನ್ನೊಂದು ಸಾಮಾನು, ಅಷ್ಟೆ. ರ‍್ಯಾಮ್ ತುಂಬಿದಾಗ ಬಳಸದ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನೇ ಮುಚ್ಚುತ್ತದೆ. ನೀನು ಗಳಿಗೆಗೊಮ್ಮೆ ಎಲ್ಲವನ್ನೂ ಒರೆಸಿ ಹಾಕಿದರೆ ಅವು ಪ್ರತಿ ಸಲ ಮೊದಲಿನಿಂದ ಏಳಬೇಕಾಗಿ ಬ್ಯಾಟರಿಯೇ ಹೆಚ್ಚು ಕರಗುತ್ತದೆ.

ಕಪಾಟು ತುಂಬುವುದು ನಮಗೆ ತಿಳಿಯದಂತೆ. ಅಂಗಡಿಗೆ "ಹ್ಯಾಂಗ್ ಆಗ್ತಿದೆ" ಎಂದು ಬರುವ ಫೋನುಗಳಲ್ಲಿ ನಾನು ಮೊದಲು ನೋಡುವುದು ವಾಟ್ಸಾಪ್. ಶುಭೋದಯದ ಚಿತ್ರ, ಮದುವೆ ವಿಡಿಯೋ, ಒಂದೇ ಹಾಸ್ಯದ ತುಣುಕು ನಾಲ್ಕು ಗುಂಪಿನಿಂದ ನಾಲ್ಕು ಸಲ. ಅದರ ಸೆಟ್ಟಿಂಗ್ಸ್‌ನಲ್ಲಿ ಚಿತ್ರ, ವಿಡಿಯೋ ತಾನಾಗಿ ಇಳಿಯುವುದನ್ನು ಇವತ್ತೇ ನಿಲ್ಲಿಸು. ಬೇಕಾದದ್ದನ್ನು ಮುಟ್ಟಿ ಇಳಿಸಿಕೊಂಡರಾಯಿತು. ಕಪಾಟಿನ ಐದರಲ್ಲಿ ಒಂದು ಪಾಲು ಯಾವಾಗಲೂ ಖಾಲಿ ಇರಲಿ. ಮೆಮೊರಿ ಕಾರ್ಡ್ ಹಾಕಿಕೊಟ್ಟಿದ್ದೇನೆ. ಪಾಠದ ವಿಡಿಯೋ, ಹಾಡು ಅದರಲ್ಲಿರಲಿ, ಆ್ಯಪ್‌ಗಳು ಫೋನಿನಲ್ಲೇ ಇರಲಿ.

ಆ್ಯಪ್‌ಗಳ ವಿಷಯದಲ್ಲಿ ನನ್ನ ಅಳತೆ ಇದು: ವಾರಕ್ಕೊಮ್ಮೆಯಾದರೂ ಕೈ ಹಾಕದ ಆ್ಯಪ್ ಮೂರು ಕಾಲ ಕೂತು ಉಣ್ಣುವ ನೆಂಟ. ತಿಂಗಳಿಗೊಮ್ಮೆ ಬೇಕಾಗುವ ಕೆಲಸಗಳಿಗೆ, ಅಂದರೆ ರೈಲು ಟಿಕೆಟ್ಟು, ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ತಾಣ, ಕಾಲೇಜಿನ ಪರೀಕ್ಷಾ ಅರ್ಜಿಯ ಯುಯುಸಿಎಂಎಸ್, ಇವಕ್ಕೆಲ್ಲ ಬ್ರೌಸರ್ ಸಾಕು. ಕ್ರೋಮ್‌ನಲ್ಲಿ ಆ ಪುಟ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿಕೋ. ಜಾಗ ತಿನ್ನದೆ ಆ್ಯಪ್‌ನಂತೆಯೇ ಕೂರುತ್ತದೆ.

ಜಾಗ ಕೊಡಬೇಕಾದವಕ್ಕೆ ಧಾರಾಳವಾಗಿ ಕೊಡು. ಮೊದಲನೆಯದು ಡಿಜಿಲಾಕರ್. 2015ರಲ್ಲಿ ಶುರುವಾದದ್ದು. ಇಲಾಖೆಗಳೇ ಅದಕ್ಕೆ ನೇರವಾಗಿ ಕೊಟ್ಟ ಅಂಕಪಟ್ಟಿ, ಆಧಾರ್‌ಗಳಿಗೆ ಕಾನೂನಿನಲ್ಲಿ ಮೂಲಪ್ರತಿಯದೇ ಬೆಲೆ. ಹಾಸ್ಟೆಲ್ಲಿನಲ್ಲಿ ಟ್ರಂಕಿಗೆ ನೀರು ನುಗ್ಗಿದರೂ ಅವು ನೆನೆಯವು. ಎರಡನೆಯದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, 2016ರದು. ನಿಘಂಟುಗಳ ರಾಶಿಯೇ ಅಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಿನಗೆ ಬಿ.ಎಸ್ಸಿ. ತರಗತಿಯ ಇಂಗ್ಲಿಷು ಮೊದಲ ತಿಂಗಳು ಕಾಡುತ್ತದೆ, ಹೆದರಬೇಡ. ಮೇಷ್ಟರು ಹೇಳಿದ ಪದವನ್ನು ಹಾಳೆಯ ಅಂಚಿನಲ್ಲಿ ಗುರುತಿಟ್ಟುಕೊಂಡು ರಾತ್ರಿ ನೋಡು. ಕನ್ನಡ ಪದಕ್ಕೆ ಇಂಗ್ಲಿಷ್ ಹುಡುಕಲು, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಅದನ್ನು ಬ್ರೌಸರಿನಲ್ಲೇ ತೆರೆಯಬಹುದು. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಮಾಡಿರುವ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬಿನಲ್ಲೇ ಉಚಿತ. ಐಐಟಿ ಪ್ರಾಧ್ಯಾಪಕರ ಪಾಠ ನಿನ್ನ ಫೋನಿನಲ್ಲಿ ಬೇರೆಯಾಗಿಯೂ, ಮೂವತ್ತು ಸಾವಿರದ ಫೋನಿನಲ್ಲಿ ಬೇರೆಯಾಗಿಯೂ ಕೇಳಿಸುವುದಿಲ್ಲ.

ನೋಟ್ಸ್ ಫೋಟೋ ಹಿಡಿಯುವುದು ಒಳ್ಳೆಯದೇ, ಆದರೆ ಒಂದೇ ಕಡೆ ಇಡಬೇಡ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಒಂದೇ ಏಟಿಗೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಕಾಗದ ಸ್ಕ್ಯಾನ್ ಮಾಡಲು ಆಗ ಎಲ್ಲರೂ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಅದರಲ್ಲಿತ್ತು. ಎರಡು ವರ್ಷದ ಕಾಗದಪತ್ರಗಳನ್ನೆಲ್ಲ ಅದರಲ್ಲೇ ಇಟ್ಟಿದ್ದ ಒಬ್ಬ ಹುಡುಗ ಅಂಗಡಿಗೆ ಬಂದು ಕೂತದ್ದು ನನಗಿನ್ನೂ ನೆನಪಿದೆ. ಗೂಗಲ್ ಡ್ರೈವ್‌ನಲ್ಲೇ ಸ್ಕ್ಯಾನ್ ಮಾಡಲು ಬರುತ್ತದೆ. ಒಂದು ಖಾತೆಗೆ 15 ಜಿಬಿ ಉಚಿತ. ಒಂದು ಪ್ರತಿ ಅಲ್ಲಿರಲಿ, ಇನ್ನೊಂದು ಮೆಮೊರಿ ಕಾರ್ಡಿನಲ್ಲಿರಲಿ.

ಇನ್ನು ರೀಚಾರ್ಜು. ಈ ಫೋನನ್ನು ಕಂತಿನ ಮೇಲೆ ತರಲಿಲ್ಲ, ಸಿಮ್ಮು ಪ್ರೀಪೇಯ್ಡ್. ಯಾವ ಕಂಪನಿಯ ಋಣವೂ ನಿನ್ನ ಮೇಲಿಲ್ಲ. ಇದು ನಿನಗಿರುವ ದೊಡ್ಡ ಬಲ, ಅದನ್ನು ಬಳಸು. ತಿಂಗಳ ರೀಚಾರ್ಜು ಎಂದು ಬಾಯಿಮಾತಿಗೆ ಹೇಳಿದರೂ ಹೆಚ್ಚಿನವು 28 ದಿನದವು. ಲೆಕ್ಕ ಹಾಕು: ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ದುಡ್ಡು ಕಟ್ಟಬೇಕು. 30 ದಿನದ್ದೂ, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವಂಥದ್ದೂ ಒಂದೊಂದಾದರೂ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿದೆ. ಪಟ್ಟಿಯ ಕೆಳಗೆಲ್ಲೋ ಇರುತ್ತವೆ, ಹುಡುಕು. ದಿನಕ್ಕೆ ಇಷ್ಟು ಬೆಲೆ ಎಂದು ಭಾಗಿಸಿ ನೋಡಿದ ಮೇಲೆಯೇ ದುಡ್ಡು ಬಿಚ್ಚು. ಹಾಸ್ಟೆಲ್ಲಿನಲ್ಲಿ ಸಿಗ್ನಲ್ ಸರಿಯಿಲ್ಲದಿದ್ದರೆ ಒಗ್ಗಿಕೊಳ್ಳಬೇಡ. 2011ರ ಜನವರಿಯಿಂದ ದೇಶದ ಎಲ್ಲ ಕಡೆ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮಗಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿನ್ನ ನಂಬರು ಹಾಕಿ 1900ಕ್ಕೆ ಮೆಸೇಜು ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ. ಬದಲಿಸುವ ಮುಂಚೆ ರೂಮಿನ ಹುಡುಗಿಯರ ಫೋನಿನಲ್ಲಿ ಯಾವ ಸಿಗ್ನಲ್ ಚೆನ್ನಾಗಿದೆ ಎಂದು ನೋಡಿಕೋ.

ದಿನಕ್ಕೆ ಒಂದೂವರೆ ಜಿಬಿ ಸಿಗುತ್ತದೆಂದು ಮಧ್ಯರಾತ್ರಿಯೊಳಗೆ ಅದನ್ನು ತೀರಿಸಬೇಕೆಂಬ ಹರಕೆಯೇನಿಲ್ಲ. ಉಳಿದ ಡೇಟಾ ನಷ್ಟವಲ್ಲ. ಅದನ್ನು ತೀರಿಸಲು ಕಳೆದ ಎರಡು ತಾಸು ನಷ್ಟ.

ಈಗ ಹೇಳುವುದನ್ನು ಮನಸ್ಸಿಟ್ಟು ಕೇಳು. ಕಳೆದ ವರ್ಷ ನಮ್ಮೂರಿನ ಕಡೆಯ ರೈತರೊಬ್ಬರಿಗೆ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಬಂತು. ಚಿತ್ರವಲ್ಲ, ಎಪಿಕೆ ಎಂದು ಕೊನೆಯಾಗುವ ಫೈಲು. ಒತ್ತಿದರು. ಅದು ಆ್ಯಪ್ ಆಗಿ ಒಳಗೆ ಕೂತು ಮೆಸೇಜುಗಳನ್ನೆಲ್ಲ ಓದತೊಡಗಿತು; ಸಂಜೆಯೊಳಗೆ ಖಾತೆ ಬರಿದು. ಅವರು ಫೋನು ಹಿಡಿದು ನನ್ನ ಮುಂದೆ ನಿಂತಾಗ ಫೋನು ಸರಿಮಾಡಿಕೊಡುವುದು ನನ್ನಿಂದಾಯಿತು, ದುಡ್ಡು ತಂದುಕೊಡುವುದು ಆಗಲಿಲ್ಲ. ಆದ್ದರಿಂದ ಪ್ಲೇಸ್ಟೋರ್ ಬಿಟ್ಟು ಬೇರೆ ದಾರಿಯಿಂದ ಬಂದ ಆ್ಯಪನ್ನು ಯಾರೇ ಕಳಿಸಿರಲಿ ಹಾಕಿಕೊಳ್ಳಬೇಡ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಎಂದೂ ಬೇಡ. "ಸ್ಕಾಲರ್‌ಶಿಪ್ ಬಂದಿದೆ, ಪಿನ್ ಒತ್ತಿ" ಎಂದವನು ಕಳ್ಳ. ಐದು ನಿಮಿಷದಲ್ಲಿ ಸಾಲ ಎನ್ನುವ ಆ್ಯಪ್‌ಗಳು ನಿನ್ನ ಕಾಂಟ್ಯಾಕ್ಟುಗಳನ್ನೂ ಫೋಟೋಗಳನ್ನೂ ಕೇಳುವುದು ಮುಂದೆ ಮಾನ ಹರಾಜು ಹಾಕುವುದಕ್ಕೆ. ದುಡ್ಡು ಬೇಕಾದರೆ ನನಗೆ ಫೋನು ಮಾಡು, ಯಾಕೆಂದು ಕೇಳುವುದಿಲ್ಲ. ಟಾರ್ಚಿನ ಆ್ಯಪ್ ಬಂದು ಕಾಂಟ್ಯಾಕ್ಟ್ ಕೊಡು ಎಂದರೆ, ಬೆಳಕಿಗೂ ನೆಂಟರಿಷ್ಟರಿಗೂ ಏನು ಸಂಬಂಧ ಎಂದು ನಿನ್ನನ್ನೇ ಕೇಳಿಕೋ.

ಇಷ್ಟಾಗಿಯೂ ಮೋಸ ಹೋದರೆ ನಾಚಿಕೆ ಪಟ್ಟು ಕೂರಬೇಡ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡು. ಗಂಟೆ ಕಳೆದಷ್ಟೂ ದುಡ್ಡು ಕೈಯಿಂದ ಕೈಗೆ ದಾಟುತ್ತದೆ. ಈಗಲೇ *#06# ಒತ್ತು. ಕಾಣುವ 15 ಅಂಕಿಯ ಐಎಂಇಐ ನಂಬರನ್ನು ನೋಟುಬುಕ್ಕಿನ ಹಿಂದೆ ಬರೆದಿಡು. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, ಸರ್ಕಾರ 2023ರಲ್ಲಿ ತೆರೆದ ಸಂಚಾರ್ ಸಾಥಿ ತಾಣದಲ್ಲಿ ಆ ನಂಬರಿನಿಂದ ಅದನ್ನು ಬ್ಲಾಕ್ ಮಾಡಿಸಬಹುದು. ನಿನ್ನ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದೂ ಅಲ್ಲೇ ತಿಳಿಯುತ್ತದೆ.

ನನ್ನ ಕಸುಬಿನವರ ಬಗ್ಗೆಯೂ ಒಂದು ಮಾತು. ರಿಪೇರಿಗೆ ಕೊಡುವಾಗ ಸಿಮ್ಮು, ಮೆಮೊರಿ ಕಾರ್ಡು ತೆಗೆದುಕೋ. ಲಾಕಿನ ಪ್ಯಾಟರ್ನ್ ಚೀಟಿಯಲ್ಲಿ ಬರೆದುಕೊಡಬೇಡ. ಎದುರಿಗೇ ನಿಂತು ನೀನೇ ತೆಗೆದು ತೋರಿಸು. ಒಳ್ಳೆಯ ಕೆಲಸಗಾರ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಪಕ್ಕದ ಅಂಗಡಿಗೆ ಹೋಗು.

ಆದರೆ ರಿಪೇರಿಯ ತನಕ ಹೋಗದಿರುವುದೇ ಮೇಲು. ಇಂಥ ಫೋನಿಗೆ ಡಿಸ್‌ಪ್ಲೇ ಒಡೆದರೆ ಅದರ ಖರ್ಚೇ ಭಾರ, ಅದಕ್ಕೇ ಟೆಂಪರ್ ಗ್ಲಾಸು, ಪೌಚು ಹಾಕಿದ್ದೇನೆ. ಚಾರ್ಜ್ ಏರದಿದ್ದರೆ ಹೊಸ ಚಾರ್ಜರ್ ಕೊಳ್ಳಲು ಓಡಬೇಡ. ಫೋನು ಆಫ್ ಮಾಡಿ, ಪಿನ್ ಚುಚ್ಚುವ ತೂತಿನಲ್ಲಿ ಬಟ್ಟೆಯ ಎಳೆ, ಧೂಳು ಗಿಡಿದಿದೆಯೇ ನೋಡಿ ಹಲ್ಲುಕಡ್ಡಿಯಿಂದ ನಿಧಾನವಾಗಿ ಬಿಡಿಸು. ಎಷ್ಟೋ ಫೋನುಗಳ ರೋಗ ಅಷ್ಟೇ ಇರುತ್ತದೆ. ನೀರಿಗೆ ಬಿದ್ದರೆ ಆಫ್ ಮಾಡು, ಚಾರ್ಜಿಗೆ ಹಾಕಬೇಡ, ಅಕ್ಕಿಯೊಳಗೆ ಹೂತಿಡಬೇಡ. ಅಕ್ಕಿಯ ಹಿಟ್ಟು ತೂತಿಗೆ ಸೇರಿ ಇನ್ನೊಂದು ಕೆಲಸ ತರುತ್ತದೆ. ಬ್ಯಾಟರಿಗೆ ಬಿಸಿಯೇ ಶತ್ರು: ಚಾರ್ಜಿಗೆ ಹಾಕಿ ದಿಂಬಿನಡಿ ಇಟ್ಟು ಮಲಗಬೇಡ. ಹಿಂಬದಿ ಉಬ್ಬಿದ್ದು ಕಂಡರೆ ಆ ಕ್ಷಣವೇ ಬಳಸುವುದನ್ನು ನಿಲ್ಲಿಸು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬರುತ್ತವೆ ಎನ್ನುತ್ತಾರೆ. ನಾನು ಹೇಳಿದ ಸೆಟ್ಟಿಂಗ್ಸ್‌ಗಳು ಎರಡು ವರ್ಷದಲ್ಲಿ ಜಾಗ ಬದಲಿಸಿಯಾವು, ಹೊಸ ಮೋಸಗಳೂ ಹುಟ್ಟಿಯಾವು. ಹೊಸದೇನೇ ಫೋನಿನೊಳಗೆ ಬರಲು ನಿಂತಾಗ "ಇದು ನನ್ನ ಕೆಲಸಕ್ಕೆ ಬಂದದ್ದೋ, ನನ್ನನ್ನು ಕೆಲಸಕ್ಕಿಟ್ಟುಕೊಳ್ಳಲು ಬಂದದ್ದೋ" ಎಂದು ಕೇಳಿಕೊಳ್ಳುವ ಅಭ್ಯಾಸ ಉಳಿದರೆ ನನಗೆ ಅಷ್ಟೇ ಸಾಕು.

ಕೊನೆಯದಾಗಿ, ನಿನ್ನಮ್ಮನ ಹತ್ತಿರ ಇರುವುದು ಕೀಪ್ಯಾಡ್ ಫೋನು. ಡೇಟಾ ಇಲ್ಲದ, ಮಾತು ಮತ್ತು ಮೆಸೇಜಿನ ರೀಚಾರ್ಜು ಅವಳಿಗೆ ಹಾಕಿಸಿಕೊಟ್ಟಿದ್ದೇನೆ. ನಿನ್ನ ಸ್ಟೇಟಸ್ಸು ಅವಳಿಗೆ ಕಾಣುವುದಿಲ್ಲ, ನೀನು ಕಳಿಸಿದ ಫೋಟೋ ಅವಳನ್ನು ತಲುಪುವುದಿಲ್ಲ. ಹೊಲದಿಂದ ಬಂದು, ಕೈಕಾಲು ತೊಳೆದು, ಏಳೂವರೆಗೆ ಒಲೆಯ ಮುಂದೆ ಕೂತಾಗ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ. ಆ ಹೊತ್ತಿಗೆ ಕರೆ ಮಾಡು. ಅವಳು ಶೇಂಗಾ ಮಾರಿ ಕೊಂಡದ್ದು ನಿನ್ನ ದನಿಯನ್ನು.